ರಾಗಿ ಮುದ್ದೆಯ ದೂರದ ನೆಂಟರು

ಎಸರು ಮರಳತೊಡಗಿದಾಗ ನಮ್ಮಜ್ಜಿ ಮೊದಲು ಒಂದು ಹಿಡಿ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹುಯ್ಯುತ್ತಿದ್ದಳು. ಅದು ತೆಳ್ಳನೆ ಗಂಜಿಯಾಗಿ ಉಕ್ಕಿ ಬಂದಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಹಿಟ್ಟಿನ ಕೋಲು ನೆಟ್ಟು, ಸುಮ್ಮನೆ ಕೂರುತ್ತಿದ್ದಳು. ನಾನು ಕೋಲಿಗೆ ಕೈ ಹಾಕಿದರೆ "ಈಗ್ಲೇ ತಿರುವಬ್ಯಾಡ ಮಗ, ಗಂಟಾಯ್ತದೆ" ಎನ್ನುತ್ತಿದ್ದಳು.

ಗಂಟು ಯಾಕಾಗುತ್ತದೆ? ರಾಗಿ ಹಿಟ್ಟಿನ ಬಹುಪಾಲು ಪಿಷ್ಟ. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಹಾಗೇ ತಳಕ್ಕೆ ಕೂರುತ್ತವೆ. ನೀರಿನ ಬಿಸಿ 60–70 ಡಿಗ್ರಿ ಸೆಲ್ಸಿಯಸ್ ದಾಟುತ್ತ ಹೋದಂತೆ ಕಣದೊಳಗಿನ ಬಿಗಿ ಹೆಣಿಗೆ ಸಡಿಲಾಗಿ, ನೀರು ಒಳನುಗ್ಗಿ, ಕಣ ಊದಿಕೊಳ್ಳುತ್ತದೆ. ಅಮೈಲೋಸ್ ಎಂಬ ಎಳೆಯಂಥ ಅಣುಗಳು ಹೊರಗೆ ಸೋರಿ ಅಂಟು ಹುಟ್ಟುತ್ತದೆ. ಒಣಹಿಟ್ಟನ್ನು ಕುದಿನೀರಿಗೆ ಹಾಕಿ ತಕ್ಷಣ ಕಲಕಿದರೆ ಚದುರಿದ ಒಂದೊಂದು ಉಂಡೆಯ ಹೊರಮೈಯೂ ಹೀಗೆ ಅಂಟಾಗಿ ಒಳಗೆ ನೀರಿಳಿಯುವ ದಾರಿ ಮುಚ್ಚಿಬಿಡುತ್ತದೆ. ಗುಡ್ಡೆ ಹಾಗೇ ಬಿಟ್ಟರೆ ಕೋಲಿನ ತೂತಿನಿಂದ ಬಿಸಿ ಗಂಜಿಯೂ ಹಬೆಯೂ ಮೇಲೇರಿ ಹಿಟ್ಟನ್ನು ನಿಧಾನವಾಗಿ ಬೇಯಿಸುತ್ತವೆ. ಆಮೇಲೆ ರಟ್ಟೆಯ ಬಲವಿದ್ದರೆ ಸಾಕು.

ಈ ಕೆಲಸವನ್ನು ಕೀನ್ಯಾ, ತಾಂಜಾನಿಯಾಗಳ ಅಡುಗೆಮನೆಗಳಲ್ಲೂ ದಿನವೂ ಮಾಡುತ್ತಾರೆ. ಅಲ್ಲಿ ಮುದ್ದೆಯ ಹೆಸರು ಉಗಾಲಿ, ತಿರುವುವ ಮರದ ಸೌಟು ಮ್ವಿಕೊ. ಜಿಂಬಾಬ್ವೆಯಲ್ಲಿ ಅದು ಸಾಡ್ಜಾ. ಬಲಗೈಯಲ್ಲಿ ಮುರಿದು, ಬೆರಳಲ್ಲಿ ಗುಂಡಗೆ ಮಾಡಿ, ಸಾರಿಗೋ ಸೊಪ್ಪಿನ ಪಲ್ಯಕ್ಕೋ ಅದ್ದಿ ತಿನ್ನುತ್ತಾರೆ. ನಮ್ಮವರು ನುಂಗುತ್ತಾರೆ, ಅವರು ಅಗಿಯುತ್ತಾರೆ, ಅಷ್ಟೇ ವ್ಯತ್ಯಾಸ. ಉತ್ತರ ಇಟಲಿಯ ಪೊಲೆಂಟಾ ಕೂಡ ಇದೇ ವಂಶದ್ದು. ಆದರೆ ಅದಕ್ಕೆ ಬಳಸುವುದು ನುಣ್ಣನೆ ಹಿಟ್ಟಲ್ಲ, ಮೆಕ್ಕೆಜೋಳದ ತರಿ. ತರಿಯ ಒಡಲಿಗೆ ನೀರಿಳಿಯಲು ಹೊತ್ತು ಹಿಡಿಯುವುದರಿಂದ ತಾಮ್ರದ ಪಾತ್ರೆಯ ಮುಂದೆ ಮುಕ್ಕಾಲು ಗಂಟೆ ನಿಂತು ಕಲಕಬೇಕು.

ಪೊಲೆಂಟಾದ ಕತೆಯಲ್ಲಿ ಒಂದು ದೊಡ್ಡ ನೋವಿದೆ. ಮೆಕ್ಕೆಜೋಳದ ತವರು ಮೆಕ್ಸಿಕೊ. ಅಲ್ಲಿನ ಹೆಂಗಸರು ಸಾವಿರಾರು ವರ್ಷಗಳಿಂದ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಅರೆದು ರೊಟ್ಟಿ ತಟ್ಟುತ್ತಾರೆ. ನಾವು ಎಲೆಯಡಿಕೆಗೆ ಹಚ್ಚುವ ಅದೇ ಸುಣ್ಣ. 1492ರ ನಂತರ ಕಾಳು ಯೂರೋಪಿಗೆ ಹೋಯಿತು. ಸುಣ್ಣದ ಪದ್ಧತಿ ಅದರ ಜೊತೆಗೆ ಹೋಗಲಿಲ್ಲ. ಹೊತ್ತುಹೊತ್ತಿಗೂ ಬರಿ ಪೊಲೆಂಟಾ ತಿನ್ನುತ್ತಿದ್ದ ಬಡ ರೈತರ ಚರ್ಮ ಬಿಸಿಲು ಬಿದ್ದಲ್ಲೆಲ್ಲ ಒರಟಾಗಿ ಸುಲಿಯತೊಡಗಿತು, ಭೇದಿ ಹತ್ತಿತು, ಕೊನೆಗೆ ಬುದ್ಧಿಭ್ರಮೆ. 1771ರಲ್ಲಿ ಫ್ರಾನ್ಸೆಸ್ಕೊ ಫ್ರಾಪೊಲ್ಲಿ ಎಂಬ ಇಟಲಿಯ ವೈದ್ಯ ಈ ಕಾಯಿಲೆಯನ್ನು ಪೆಲ್ಲಾಗ್ರ ಎಂಬ ಹೆಸರಿನಿಂದ ದಾಖಲಿಸಿದ.

ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ಜೀವಸತ್ವ ಇದೆ. ಆದರೆ ಬಹುಪಾಲು ಬೇರೆ ಅಣುಗಳಿಗೆ ಕಟ್ಟಿಹಾಕಿಕೊಂಡಿರುತ್ತದೆ, ನಮ್ಮ ಕರುಳಿಗೆ ದಕ್ಕುವುದಿಲ್ಲ. ಸುಣ್ಣದ ಕ್ಷಾರ ಆ ಕಟ್ಟನ್ನು ಬಿಚ್ಚುತ್ತದೆ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ದೇಹ ತಾನೇ ನಯಾಸಿನ್ ಮಾಡಿಕೊಳ್ಳಬಲ್ಲದು, ಆದರೆ ಮೆಕ್ಕೆಜೋಳದಲ್ಲಿ ಅದೂ ಕಡಿಮೆ. ಪೆಲ್ಲಾಗ್ರ ಅಂಟುರೋಗವಲ್ಲ, ಊಟದ ಕೊರತೆ ಎಂದು ಅಮೆರಿಕದಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ 1914ರಿಂದ ವರ್ಷಗಟ್ಟಲೆ ಹೋರಾಡಿ ತೋರಿಸಬೇಕಾಯಿತು. ಮದ್ದು ನಯಾಸಿನ್ ಎಂದು ಖಚಿತವಾಗುವ ಹೊತ್ತಿಗೆ 1937. ಮೆಕ್ಸಿಕೊದ ಅಡುಗೆಮನೆಯನ್ನು ಯಾರಾದರೂ ಗೌರವದಿಂದ ನೋಡಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯಾವ ಮುದ್ದೆಯನ್ನೂ ಒಂಟಿಯಾಗಿ ಉಣ್ಣಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ, ಅಕ್ಕಿಯಲ್ಲಿ ಅದು 10ರ ಆಸುಪಾಸು. ಆದರೂ ರಾಗಿಯಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಸಾಲದು. ಹುರುಳಿ, ಅವರೆ, ಅಲಸಂದೆಗಳಲ್ಲಿ ಅದು ಧಾರಾಳ. ಬಸ್ಸಾರಿಗೆ ಕಾಳೂ ಸೊಪ್ಪೂ ಒಟ್ಟಿಗೆ ಬೀಳುವುದು ಎಷ್ಟು ಒಳ್ಳೆಯದು! ಕೀನ್ಯಾದವರು ಉಗಾಲಿಯ ಪಕ್ಕ ಸುಕುಮಾ ವಿಕಿ ಎಂಬ ದಪ್ಪ ಸೊಪ್ಪಿನ ಪಲ್ಯ ಇಡುತ್ತಾರೆ. ಆ ಹೆಸರಿಗೆ 'ವಾರ ತಳ್ಳು' ಎಂದರ್ಥ. ಕೈಯಲ್ಲಿ ಕಾಸಿಲ್ಲದ ವಾರವನ್ನು ದಾಟಿಸುವ ಸೊಪ್ಪು.

ಇಂದಿನ ಉಗಾಲಿ, ಸಾಡ್ಜಾಗಳು ಹೆಚ್ಚಾಗಿ ಮೆಕ್ಕೆಜೋಳದವು. ಅದು ಆಫ್ರಿಕಕ್ಕೆ ಹೋಗುವ ಮೊದಲು ಆ ಪಾತ್ರೆಗಳಲ್ಲಿ ಬೇಯುತ್ತಿದ್ದದ್ದು ಜೋಳ, ಸಜ್ಜೆ ಮತ್ತು ರಾಗಿ. ಹೌದು, ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಅಲ್ಲಿಂದಲೇ ಅದು ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ಸ್ವಾಹಿಲಿಯಲ್ಲಿ ಅದನ್ನು ಇಂದಿಗೂ ವಿಂಬಿ ಎನ್ನುತ್ತಾರೆ.

ಬೇರೆಯಾದ ಈ ಎರಡು ಕವಲುಗಳನ್ನು ಮತ್ತೆ ಕೂಡಿಸಿದವರು ಮಂಡ್ಯದ ವಿ.ಸಿ. ಫಾರಂನ ತಳಿ ವಿಜ್ಞಾನಿ ಲಕ್ಷ್ಮಣಯ್ಯ. ರಾಗಿಯ ಹೂವು ಸಾಸಿವೆಗಿಂತ ದೊಡ್ಡದೇನಲ್ಲ, ಅರಳುವ ಮುಂಚೆಯೇ ತನ್ನ ಪರಾಗ ತಾನೇ ಪಡೆದುಬಿಡುತ್ತದೆ. ಅದನ್ನು ಬೇರೆ ತಳಿಯ ಜೊತೆ ಕೂಡಿಸಲು ಮುಂಜಾನೆಯ ತಾಳ್ಮೆ ಬೇಕು. ದಪ್ಪ ತೆನೆಯ ಆಫ್ರಿಕದ ರಾಗಿಯನ್ನು ಇಲ್ಲಿಯದಕ್ಕೆ ಕೂಡಿಸಿ ಅವರು ತೆಗೆದ ತಳಿಗಳಿಗೆ ಇಂಡಿಯಾ, ಆಫ್ರಿಕ ಎರಡೂ ಹೆಸರು ಬೆಸೆದು 'ಇಂಡಾಫ್' ಎಂದಿಟ್ಟರು. ನಮ್ಮಜ್ಜಿ ಬೀಸುತ್ತಿದ್ದದ್ದೂ ಅದೇ ಇಂಡಾಫ್ ರಾಗಿ.