ಪಂಪ್‌ಸೆಟ್ ಮತ್ತು ಹತ್ತು ಮೀಟರಿನ ಗಡಿ

ತೆರೆದ ಬಾವಿಗೆ ಪಂಪ್‌ಸೆಟ್ ಕೂರಿಸಿದ ರೈತರಿಗೆ ಇದು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಮೋಟಾರನ್ನೂ ಕೆಳಗಿಳಿಸಬೇಕು. ಮೇಲೆಯೇ ಇಟ್ಟುಕೊಂಡು ಸುಮ್ನೆ ಎಚ್‌ಪಿ ಜಾಸ್ತಿ ಮಾಡಿದರೆ ನೀರು ಬರುವುದಿಲ್ಲ.

ಯಾಕೆಂದರೆ ಪಂಪು ನೀರನ್ನು ಎಳೆಯುವುದೇ ಇಲ್ಲ. ಪೈಪಿನೊಳಗಿನ ಒತ್ತಡ ಕಡಿಮೆ ಮಾಡುವುದಷ್ಟೇ ಅದರ ಕೆಲಸ. ನೀರನ್ನು ಮೇಲೆ ತಳ್ಳುವುದು ಬಾವಿಯ ನೀರನ್ನು ಒತ್ತುತ್ತಿರುವ ಗಾಳಿ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕೆಜಿ ಗಾಳಿಯ ಭಾರವಿದೆ. ಅಷ್ಟು ಭಾರ 10.3 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಪೈಪಿನೊಳಗೆ ಪೂರ್ತಿ ನಿರ್ವಾತ ಮಾಡಿದರೂ ನೀರು ಅದಕ್ಕಿಂತ ಮೇಲೇರದು.

ಈ ಗಡಿ ಗೆಲಿಲಿಯೋಗೂ ಗೊತ್ತಿತ್ತು. ಆದರೆ ನೀರಿನ ಕಂಬ ತನ್ನದೇ ಭಾರಕ್ಕೆ ಹಗ್ಗದ ಹಾಗೆ ಹರಿದುಹೋಗುತ್ತದೆ ಎಂದು ಅವನು ಭಾವಿಸಿದ್ದ. ಅವನ ಕೊನೆಯ ತಿಂಗಳುಗಳಲ್ಲಿ ಜೊತೆಗಿದ್ದ ಟಾರಿಸೆಲ್ಲಿ ಗಾಳಿಯ ಭಾರದ ಕಡೆ ನೋಡಿದ. ನೀರಿಗಿಂತ 13.6 ಪಟ್ಟು ಭಾರವಾದ ಪಾದರಸವನ್ನು ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ತುಂಬಿ, ಪಾದರಸದ ಬಟ್ಟಲಲ್ಲಿ ಬೋರಲು ನಿಲ್ಲಿಸಿದರೆ, ಅದು ಸುಮಾರು 76 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. 10.3 ಮೀಟರನ್ನು 13.6ರಿಂದ ಭಾಗಿಸಿ ನೋಡಿ, ಅದೇ ಲೆಕ್ಕ ಬರುತ್ತದೆ!

ಇದು ನಿಜವಾಗಿ ಗಾಳಿಯ ಭಾರವೇ ಆಗಿದ್ದರೆ ಬೆಟ್ಟದ ಮೇಲೆ ಪಾದರಸ ಇಳಿಯಬೇಕು, ಅಲ್ವಾ? ಫ್ರಾನ್ಸಿನ ಪ್ಯಾಸ್ಕಲ್ ಇದನ್ನು ಪರೀಕ್ಷಿಸಲು ತನ್ನ ಭಾವ ಪೆರಿಯೆಯನ್ನು ಕೇಳಿಕೊಂಡ. 1648ರ ಸೆಪ್ಟೆಂಬರ್ 19ರಂದು ಪೆರಿಯೆ 1,465 ಮೀಟರ್ ಎತ್ತರದ ಪ್ವೀ ದ ಡೋಮ್ ಬೆಟ್ಟ ಹತ್ತಿದ. ಅಲ್ಲಿ ಪಾದರಸ 8 ಸೆಂ.ಮೀ.ಗಿಂತ ಜಾಸ್ತಿ ಇಳಿದಿತ್ತು. ಈ ಪ್ರಯೋಗದಲ್ಲಿ ನನಗೆ ಬಹಳ ಇಷ್ಟವಾದದ್ದು ಕೆಳಗೆ ಊರಿನಲ್ಲಿ ಬಿಟ್ಟುಹೋದ ಇನ್ನೊಂದು ಕೊಳವೆ. ಮಠದ ಪಾದ್ರಿಯೊಬ್ಬರು ಇಡೀ ದಿನ ಅದನ್ನು ಗಮನಿಸುತ್ತಿದ್ದರು. ಅದು ಅಲುಗಲಿಲ್ಲ. ಆವತ್ತಿನ ಹವಾಮಾನವೇ ಬದಲಾಯಿತೇನೋ ಎನ್ನುವ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಅದೇ ಲೆಕ್ಕ ನಮ್ಮಲ್ಲೂ ನಡೆಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿ ನೀರನ್ನು ತಳ್ಳಬಲ್ಲ ಎತ್ತರ ಸುಮಾರು ಒಂದು ಮೀಟರ್ ಕಡಿಮೆ. ಪೈಪಿನಲ್ಲಿ ಹರಿಯುವಾಗಿನ ಘರ್ಷಣೆಗೂ ಒಂದಷ್ಟು ಹೋಗುತ್ತದೆ. ಒತ್ತಡ ತೀರಾ ಇಳಿದರೆ ಪಂಪಿನೊಳಗೆ ತಣ್ಣೀರೇ ಕುದ್ದು ಗುಳ್ಳೆಯಾಗುತ್ತದೆ, ಆ ಗುಳ್ಳೆಗಳು ಒಡೆಯುತ್ತಾ ಲೋಹವನ್ನು ಕೊರೆಯುತ್ತವೆ. ಹಾಗಾಗಿ ನೀರಿನಿಂದ ಆರೇಳು ಮೀಟರ್ ಒಳಗೇ ಪಂಪು ಇಡುವುದು ಒಳ್ಳೆಯದು.

ನೂರಾರು ಅಡಿ ಬೋರ್‌ವೆಲ್ ಹೇಗೆ ನೀರು ಕೊಡುತ್ತದೆ? ಸಬ್‌ಮರ್ಸಿಬಲ್ ಮೋಟಾರ್ ಕೆಳಗೆ ನೀರೊಳಗೇ ಕೂತು ಮೇಲಕ್ಕೆ ತಳ್ಳುತ್ತದೆ. ತಳ್ಳುವುದಕ್ಕೆ ಗಾಳಿಯ ಮಿತಿಯಿಲ್ಲ, ಮೋಟಾರಿನ ಬಲ ಮತ್ತು ಪೈಪಿನ ಗಟ್ಟಿತನ ಸಾಕು. ಊರಿನ ಬೋರ್‌ವೆಲ್ ಹ್ಯಾಂಡ್‌ಪಂಪಿನಲ್ಲೂ ಹೀಗೇ: ಹಿಡಿ ಮೇಲಿದ್ದರೂ ನೀರೆತ್ತುವ ಸಿಲಿಂಡರ್ ಆಳದಲ್ಲಿ ಮುಳುಗಿರುತ್ತದೆ, ಉದ್ದನೆಯ ಕಬ್ಬಿಣದ ಸರಳು ಅವೆರಡನ್ನೂ ಜೋಡಿಸಿರುತ್ತದೆ.