ಹಳೇ ಸಿಟ್‌ಕಾಮ್‌ಗಳು ಯಾಕೆ ಹಳಸಲ್ಲ? ಗುಂಪು ಪಾತ್ರಗಳ ಬಗ್ಗೆ ಒಂದಿಷ್ಟು ನೋಟ್ಸ್

ಮಾನಸಗಂಗೋತ್ರೀಲಿ ನಮ್ ಜೊತೆ ಟೀವಿ ಬಗ್ಗೆ ಇರೋ ಪೇಪರನ್ನ (ಕೋರ್ಸಿನ ಒಂದ್ ವಿಷ್ಯ) ಓದ್ತಿರೋರಿಗೆ ಇದು. ಸಿಟ್‌ಕಾಮ್ ಅಂದ್ರೆ ಏನು ಅಂತ ಎಲ್ರಿಗೂ ಬಾಯಿಪಾಠ: ಟೀವಿ ಹಾಸ್ಯ ಧಾರಾವಾಹಿ, ಅದೇ ಜನ, ಅದೇ ಜಾಗ, ಪ್ರತೀ ಸಲ ಒಂದ್ ಹೊಸ ಫಜೀತಿ, ಅರ್ಧ ಗಂಟೆ ಸ್ಲಾಟಲ್ಲಿ ಮುಗೀಬೇಕು. ಆದ್ರೆ ಇಷ್ಟ್ ವರ್ಷ ಆದ್ಮೇಲೂ ಯಾಕ್ ನೋಡ್ತಾರೆ ಅಂದ್ರೆ ಅರ್ಧ ಕ್ಲಾಸು "ನಾಸ್ಟಾಲ್ಜಿಯಾ" ಅಂತ ಬರೆದು ಪೆನ್ ಮುಚ್ಚುತ್ತೆ. ಆರು ಜನ ಗೆಳೆಯರ ಕಥೆ ಇರೋ ಅಮೆರಿಕನ್ ಸಿಟ್‌ಕಾಮ್ ಫ್ರೆಂಡ್ಸ್ ಮುಗಿದಿದ್ದು 2004ರಲ್ಲಿ ಕಣ್ರಪ್ಪ, ಅದಾದ್ಮೇಲೆ ಹುಟ್ಟಿರೋ ಹುಡುಗ್ರು ಅದನ್ನ ಫೋನಲ್ಲಿ ಇಟ್ಕೊಂಡು ಊಟ ಮಾಡ್ತಾರೆ, ಅವ್ರಿಗೆ ನೆನಪಿಸ್ಕೊಳ್ಳಕ್ಕೆ ಏನಿದೆ?

ನನ್ ಪ್ರಕಾರ ಗುಟ್ಟಿರೋದು ಜೋಡಿಗಳ ಲೆಕ್ಕದಲ್ಲಿ. ಒಬ್ನೇ ಹೀರೋ ಇದ್ರೆ ಎಲ್ಲಾ ಸೀನೂ ಅವನ್ ಸುತ್ತಾನೇ ಗಿರಕಿ ಹೊಡೀಬೇಕು, ನಾಲ್ಕನೇ ಸೀಸನ್ನಿಗೆ ರೈಟರ್‌ಗೂ ಸುಸ್ತು ನಮಗೂ ಸುಸ್ತು. ಆರು ಜನ ಸಮಸಮ ಇದ್ರೆ? ಪಿಯುಸೀಲಿ ಮಾಡಿದ್ ಕಾಂಬಿನೇಷನ್ ನೆನಪಿಸ್ಕೊಳ್ಳಿ, ಇಬ್ಬಿಬ್ರ ಜೋಡಿ 15, ಮೂರ್ ಮೂರ್ ಜನದ ಗುಂಪು 20. ಫ್ರೆಂಡ್ಸಲ್ಲಿ ಒಂದೇ ಸುದ್ದಿ ಮೋನಿಕಾ ಕಿವಿಗೆ ಬಿದ್ರೆ ಒಂದ್ ರಾದ್ಧಾಂತ, ಫೀಬಿ ಕಿವಿಗೆ ಬಿದ್ರೆ ಇನ್ನೊಂದು, ಜೋಯಿಗೆ ಅರ್ಥಾನೇ ಆಗಲ್ಲ, ಅದೂ ಒಂದ್ ಜೋಕೇ. ಹತ್ತು ಸೀಸನ್, 236 ಎಪಿಸೋಡ್ ಎಳೆಯಕ್ಕೆ ಆಗಿದ್ದು ಇದ್ರಿಂದ್ಲೇ. ಆ ಆರು ಜನ ನಟ-ನಟಿಯರಿಗೂ ಇದು ಚೆನ್ನಾಗ್ ಗೊತ್ತಿತ್ತು, ಸಂಬಳದ ಮಾತಿಗೆ ಒಟ್ಟಿಗೇ ಕೂತ್ರು, ಕೊನೇ ಎರಡು ಸೀಸನ್ನಿಗೆ ಒಬ್ಬೊಬ್ರಿಗೂ ಎಪಿಸೋಡಿಗೆ ಹತ್ತು ಲಕ್ಷ ಡಾಲರ್!

ಇದೇ ಲೆಕ್ಕದಿಂದ ಇನ್ನೊಂದ್ ಅನುಕೂಲ, ಒಬ್ರು ಬಿಟ್ಟೋದ್ರೂ ಅಂಗಡಿ ಮುಚ್ಚಲ್ಲ. ಚಿಯರ್ಸ್ ಅನ್ನೋ ಸಿಟ್‌ಕಾಮ್ ತಗೊಳ್ಳಿ, ಕಥೆ ನಡೆಯೋದು ಬಾಸ್ಟನ್ನಿನ ಒಂದ್ ಬಾರಲ್ಲಿ, 1982ರಿಂದ 1993. ಕೋಚ್ ಪಾತ್ರ ಮಾಡ್ತಿದ್ದ ನಿಕೊಲಸ್ ಕೊಲಸಾಂಟೊ 1985ರಲ್ಲಿ ತೀರ್ಕೊಂಡ್ರು, ಆ ಜಾಗಕ್ಕೆ ವುಡಿ ಹ್ಯಾರೆಲ್ಸನ್ ಬಂದ್ರು, 1987ರಲ್ಲಿ ಶೆಲ್ಲಿ ಲಾಂಗ್ ಹೋದ್ರು ಕರ್ಸ್ಟಿ ಆಲಿ ಬಂದ್ರು, ಬಾರ್ ಮಾತ್ರ ಹಂಗೇ ನಡೀತು. ಮ್ಯಾಶ್ ಅಂತೂ ಇನ್ನೂ ಮಜಾ, ಮೂರು ವರ್ಷ ನಡೆದ ಕೊರಿಯಾ ಯುದ್ಧದ ಒಂದ್ ಮಿಲಿಟರಿ ಆಸ್ಪತ್ರೆ ಮೇಲೆ ಹನ್ನೊಂದು ಸೀಸನ್! ಅದರಲ್ಲೂ ಮುಖ್ಯ ಮುಖಗಳು ನಡುನಡುವೆ ಬದಲಾದ್ವು, ಆದ್ರೂ 1983ರ ಕೊನೇ ಎಪಿಸೋಡನ್ನ ಅಮೆರಿಕದಲ್ಲಿ ಸುಮಾರು 10.6 ಕೋಟಿ ಜನ ನೋಡಿದ್ರು. ಎಕ್ಸಾಮಲ್ಲಿ ಬರೆಯೋಂಥ ಇನ್ನೊಂದ್ ಪಾಯಿಂಟು: ಮ್ಯಾಶಲ್ಲಿ ನಗುವಿನ ಟ್ರ್ಯಾಕ್ (ಹಿನ್ನೆಲೇಲಿ ಸೇರಿಸೋ ರೆಕಾರ್ಡೆಡ್ ನಗು) ಇತ್ತು, ಆಪರೇಷನ್ ಥಿಯೇಟರ್ ಸೀನ್ ಬಂದ್ರೆ ಮಾತ್ರ ಇರ್ತಿರ್ಲಿಲ್ಲ. ಎಲ್ಲಿ ನಗಿಸಬಾರ್ದು ಅನ್ನೋ ತಿಳುವಳಿಕೇನೂ ಹಾಸ್ಯ ಬರೆಯೋರ ಕಸುಬಿನ ಭಾಗಾನೇ.

ಪಾತ್ರಗಳು ಬುದ್ಧಿ ಕಲೀಬಾರ್ದು, ಇದು ಎರಡನೇ ವಿಷ್ಯ. ಸೈನ್‌ಫೆಲ್ಡ್ ಅನ್ನೋ ಅಮೆರಿಕನ್ ಸಿಟ್‌ಕಾಮಲ್ಲಿ ಇದು ರೂಲೇ ಆಗಿತ್ತು, ಅಪ್ಪಿಕೊಳ್ಳೋದಿಲ್ಲ, ಪಾಠ ಕಲಿಯೋದಿಲ್ಲ. ಕಲಿತ್ರೆ ಮುಂದಿನ ವಾರ ಅದೇ ತಪ್ಪು ಮಾಡೋರ್ ಯಾರು?

ಇಲ್ಲಿ ಮೈಸೂರಿನೋರಿಗೆ ರಂಗಾಯಣ ಇಟ್ಕೊಂಡ್ರೆ ಬೇಗ ತಲೆಗೋಗುತ್ತೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ ರೆಪರ್ಟರಿ, ಅಂದ್ರೆ ಖಾಯಂ ನಾಟಕ ತಂಡ, ಅಲ್ಲಿ ಕಲಾವಿದರು ಅವ್ರೇ, ನಾಟಕದಿಂದ ನಾಟಕಕ್ಕೆ ಪಾತ್ರ ಬದಲಾಗುತ್ತೆ. ಸಿಟ್‌ಕಾಮಲ್ಲಿ ಪಾತ್ರ ಅದೇ, ಸಂದರ್ಭ ಬದಲಾಗುತ್ತೆ. 1984ರಲ್ಲಿ ದೂರದರ್ಶನದಲ್ಲಿ ಬಂದ ಹಿಂದಿ ಸಿಟ್‌ಕಾಮ್ ಯೇ ಜೋ ಹೈ ಜಿಂದಗೀಲಿ ಎರಡನ್ನೂ ಬೆರೆಸಿದ್ರು, ಮನೆಯವ್ರೆಲ್ಲಾ ಹಂಗೇ ಇರ್ತಾರೆ, ನಟ ಸತೀಶ್ ಶಾ ಮಾತ್ರ ಎಪಿಸೋಡಿಗೊಂದ್ ವೇಷ. ನಮ್ ಈಟೀವಿ ಕನ್ನಡದ ಸಿಲ್ಲಿ ಲಲ್ಲೀನೂ ಗುಂಪಿನ ಆಟಾನೇ. ಡಾಕ್ಟರ್ ವಿಠಲ್ ರಾವ್, ಸಮಾಜ ಸೇವಕಿ ಲಲಿತಾಂಬ ಅಂದ್ರೆ ಮಂಡ್ಯದ ನಮ್ ಚಿಕ್ಕಮ್ಮ ಈಗ್ಲೂ ನಗ್ತಾರೆ, ಕಥೆ ಒಂದೂ ನೆನಪಿಲ್ಲ, ಜನ ನೆನಪಿದ್ದಾರೆ. ಪಾಪ ಪಾಂಡು ಬೇರೆ ಜಾತಿ, ಅದು ಗಂಡ ಹೆಂಡ್ತಿ ಒಂದೇ ಜೋಡಿ ಮೇಲೆ ನಿಂತಿದ್ದು, ಹಂಗಾಗಿ ನನಗೆ ಸಿಲ್ಲಿ ಲಲ್ಲಿ ಒಂದ್ ಕೈ ಮೇಲು. ಜಗಳ ಇದ್ರೆ ಬನ್ನಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾತಾಡಣ.

ಎಲ್ಲಾನೂ ಬರವಣಿಗೆ ತಾಕತ್ತು ಅನ್ಕೋಬೇಡಿ, ಉಳಿಯಕ್ಕೆ ಟೇಪೋ ಫಿಲ್ಮೋ ಇರ್ಬೇಕಲ್ಲ. 1951ರಲ್ಲಿ ಐ ಲವ್ ಲೂಸಿ ಶುರುವಾದಾಗ ಟೀವೀಲಿ ಎಷ್ಟೋ ಶೋಗಳು ಲೈವ್. ಅದರ ನಟ ದಂಪತಿ ಲೂಸಿಲ್ ಬಾಲ್, ದೇಸಿ ಅರ್ನಾಜ್ ಸಂಬಳ ಸ್ವಲ್ಪ ಬಿಟ್ಕೊಟ್ಟು ಎಪಿಸೋಡ್‌ಗಳ ಹಕ್ಕು ತಮ್ಮತ್ರ ಇಟ್ಕೊಂಡ್ರು, ಕ್ಯಾಮೆರಾಮನ್ ಕಾರ್ಲ್ ಫ್ರಾಯಿಂಡ್ ಜೊತೆ ಸೇರಿ ಎದುರಿಗೆ ಜನ ಕೂರಿಸಿ ಮೂರು ಕ್ಯಾಮೆರಾದಲ್ಲಿ 35 ಎಂಎಂ ಫಿಲ್ಮಿಗೆ ಶೂಟ್ ಮಾಡಿದ್ರು. ಜನದ ನಗುಗೆ ಕಾದು ಡೈಲಾಗ್ ಹೊಡೆಯೋ ಟೈಮಿಂಗು ಸಿಕ್ತು, ಮರುಪ್ರಸಾರಕ್ಕೆ ಒಳ್ಳೇ ಪ್ರಿಂಟೂ ಸಿಕ್ತು.

ಹಳಸಿರೋದೂ ಇದೆ, ಮುಚ್ಚಿಡಬೇಡಿ. ನ್ಯೂಯಾರ್ಕಂಥ ಊರಲ್ಲಿ ಫ್ರೆಂಡ್ಸಿನ ಆರೂ ಜನ ಬಿಳಿಯರು, ದಪ್ಪಗಿರೋರ ಮೇಲಿನ ಜೋಕುಗಳು ಈಗ ನೋಡಿದ್ರೆ ಮುಜುಗರ. ಕ್ರಿಟಿಕಲ್ ಆಗಿ ಬರೀರಿ ಅಂದ್ರೆ ಇದನ್ನೇ ಹಿಡೀರಿ.

ಅಸೈನ್‌ಮೆಂಟಿಗೆ ಒಂದ್ ಎಪಿಸೋಡ್ ತಗೊಂಡು, ಜೋಕ್ ಬರ್ಕೊಳ್ಳೋ ಬದ್ಲು ಸೀನ್ ಸೀನಿಗೂ ಯಾರ್ ಯಾರ್ ಜೊತೆ ಇದ್ದಾರೆ ಅಂತಷ್ಟೇ ಟೇಬಲ್ ಹಾಕಿ. ಯಾವ ಜೋಡಿ ಕಮ್ಮಿ ಬಳಸಿದ್ದಾರೆ, ಬಳಸ್ದಾಗ ಏನಾಗುತ್ತೆ ಅಂತ ನೋಡಿ, ಎರಡು ಪುಟಕ್ಕೆ ಸಾಕಾಗೋಷ್ಟು ಸರಕು ಅಲ್ಲೇ ಸಿಗುತ್ತೆ.