ಹೊಸ ರ‍್ಯಾಮ್ ಕೊಳ್ಳುವ ಮುನ್ನ ಪ್ರೊಸೆಸರನ್ನು ಕೇಳಿ

ಲೆಕ್ಕಪತ್ರದ ಕೆಲಸ ಮಾಡುವ ಗ್ರಾಹಕರೊಬ್ಬರು ಇತ್ತೀಚೆಗೆ ತಮ್ಮ ಕಂಪ್ಯೂಟರನ್ನೂ ಹೊಸದಾಗಿ ಕೊಂಡ 16 ಜಿಬಿಯ ಎರಡು ಡಿಡಿಆರ್5 ಎಂಬ ಹೊಸ ತಲೆಮಾರಿನ ರ‍್ಯಾಮ್‌ಗಳನ್ನೂ ನನ್ನ ಬಳಿ ತಂದಿದ್ದರು. ಅವರ ಪ್ರೊಸೆಸರ್ ಇಂಟೆಲ್ ಕೋರ್ ಐ5-12400. ಅದು ಡಿಡಿಆರ್5ಗೆ ಹೊಂದುತ್ತದೆ ಎಂದು ಅವರು ಓದಿ ತಿಳಿದುಕೊಂಡದ್ದು ಸರಿಯಾಗಿಯೇ ಇತ್ತು. ಆದರೆ ಎಲ್ಲ ಭಾಗಗಳೂ ಕೂರುವ ಅವರ ಎಚ್610 ಮದರ್‌ಬೋರ್ಡ್ ಹಿಂದಿನ ತಲೆಮಾರಿನ ಡಿಡಿಆರ್4ರದ್ದು. ಎರಡೂ ಬಗೆಯ ರ‍್ಯಾಮ್‌ಗಳಿಗೆ 288 ಪಿನ್‌ಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದರ ಸ್ಲಾಟಿನಲ್ಲಿ ಕೂರುವುದಿಲ್ಲ. ಕೂರದಿದ್ದಾಗ ಒತ್ತಿ ನೋಡುವ ಅಭ್ಯಾಸವುಳ್ಳವರು ಸ್ಲಾಟನ್ನೇ ಮುರಿದುಕೊಳ್ಳುತ್ತಾರೆ.

ಹಿಂದೆ ಮೆಮೊರಿಯನ್ನು, ಅಂದರೆ ರ‍್ಯಾಮನ್ನು, ನಿಯಂತ್ರಿಸುವ ಭಾಗ ಮದರ್‌ಬೋರ್ಡಿನ ಭಾಗಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಚಿಪ್‌ಸೆಟ್‌ನಲ್ಲಿತ್ತು. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರ ಮೊದಲ ಕೋರ್ ಐ7ನಲ್ಲಿ ಅದನ್ನು ಪ್ರೊಸೆಸರಿನ ಒಳಗೇ ತಂದವು. ಹಾಗಾಗಿ ಯಾವ ರ‍್ಯಾಮ್ ಸಾಧ್ಯ ಎಂಬುದನ್ನು ಮೊದಲು ತೀರ್ಮಾನಿಸುವುದು ಪ್ರೊಸೆಸರ್. ಎಎಂಡಿಯ ಎಎಂ4 ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜೆನ್ ಪ್ರೊಸೆಸರ್‌ಗಳು ಡಿಡಿಆರ್4ಗೆ ಮಾತ್ರ, 2022ರಲ್ಲಿ ಬಂದ ಎಎಂ5ನವು ಡಿಡಿಆರ್5ಗೆ ಮಾತ್ರ. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎರಡಕ್ಕೂ ಒಗ್ಗುತ್ತವೆಯಾದರೂ, ಬೋರ್ಡ್ ತಯಾರಕರು ಸಾಮಾನ್ಯವಾಗಿ ಒಂದು ಬೋರ್ಡಿಗೆ ಒಂದೇ ಬಗೆಯ ಸ್ಲಾಟ್ ಕೊಡುತ್ತಾರೆ. ಹೆಚ್ಚು ಎಡವಟ್ಟುಗಳು ಆಗುವುದು ಈ ತಲೆಮಾರುಗಳಲ್ಲಿಯೇ.

ಸಾಕೆಟ್ ಒಂದೇ ಆಗಿದ್ದರೆ ಸಾಕೆನ್ನುವುದೂ ತಪ್ಪು. ಇಂಟೆಲ್‌ನ 7ನೇ ಮತ್ತು 8ನೇ ತಲೆಮಾರುಗಳೆರಡಕ್ಕೂ 1151 ಪಿನ್‌ಗಳ ಸಾಕೆಟ್ಟೇ ಇದೆ. ಆದರೂ 8ನೆಯದಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು.

ಇನ್ನು ಬಯೋಸ್, ಅಂದರೆ ಕಂಪ್ಯೂಟರ್ ಶುರುವಾದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ. ಎಎಂ4 ಸಾಕೆಟ್‌ನ 2018ರ ಬಿ450 ಬೋರ್ಡಿನಲ್ಲಿ ರೈಜೆನ್ 3 3200ಜಿ ತೆಗೆದು ರೈಜೆನ್ 5 5600 ಹಾಕುವುದು ಹಣಕ್ಕೆ ತಕ್ಕ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ರ‍್ಯಾಮ್, ಬೋರ್ಡ್ ಎರಡೂ ಉಳಿಯುತ್ತವೆ. ಆದರೆ ಬೋರ್ಡಿನಲ್ಲಿರುವ ಹಳೆಯ ಬಯೋಸ್‌ಗೆ ಹೊಸ ಪ್ರೊಸೆಸರಿನ ಗುರುತೇ ಇರದಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಆದ್ದರಿಂದ ಹಳೆಯ ಪ್ರೊಸೆಸರ್ ಕೂತಿರುವಾಗಲೇ, ಆ ಬೋರ್ಡಿನ ನಿಖರವಾದ ಮಾದರಿ ಹೆಸರನ್ನೂ ಆವೃತ್ತಿಯನ್ನೂ ನೋಡಿಕೊಂಡು, ತಯಾರಕರ ಪಟ್ಟಿಯಲ್ಲಿ ಹೊಸ ಪ್ರೊಸೆಸರಿನ ಎದುರು ಕೊಟ್ಟಿರುವ ಬಯೋಸ್ ಅಥವಾ ಅದರ ನಂತರದ್ದನ್ನು ಹಾಕಬೇಕು. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಯುಪಿಎಸ್ ಇಲ್ಲದೆ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಬಯೋಸ್ ಸರಿಯಾಗಿದ್ದೂ ಪರದೆ ಬೆಳಗದ ಪ್ರಸಂಗವೊಂದಿದೆ. 3200ಜಿ ಒಳಗೆ ಗ್ರಾಫಿಕ್ಸ್ ಇದೆ, 5600ರಲ್ಲಿ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 5600ಜಿ ಕೊಳ್ಳಬೇಕು. ಆ ಒಂದು ಅಕ್ಷರವನ್ನು ಗಮನಿಸದೆ ಪ್ರೊಸೆಸರೇ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸಲು ಹೊರಟವರನ್ನು ಕಂಡಿದ್ದೇನೆ.

ಮೇಲೆ ಹೇಳಿದ ಗ್ರಾಹಕರಿಗೆ ಹೊಸ ಬೋರ್ಡ್ ಕೊಳ್ಳಲು ನಾನು ಹೇಳಲಿಲ್ಲ. ಅವರ ಯಂತ್ರದಲ್ಲಿ 8 ಜಿಬಿಯ ಒಂದೇ ರ‍್ಯಾಮ್ ಇತ್ತು. ಅದೇ ವೇಗದ ಡಿಡಿಆರ್4 ರ‍್ಯಾಮ್ ಇನ್ನೊಂದನ್ನು ಖಾಲಿ ಸ್ಲಾಟಿಗೆ ಹಾಕಿದೆವು. ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ಎರಡೂ ಚಾನೆಲ್‌ಗಳು (ದತ್ತಾಂಶ ಸಾಗುವ ದಾರಿಗಳು) ಬಳಕೆಗೆ ಬಂದವು, ತಂದಿದ್ದ ಡಿಡಿಆರ್5 ಪೊಟ್ಟಣ ಬಿಲ್ಲಿನೊಂದಿಗೆ ಅಂಗಡಿಗೆ ಹಿಂದಿರುಗಿತು.